ಹುಲಿಕಲ್ ಮಳೆ, ಆನಂದಪುರದ ಹುಡುಗರು, ಬೇಸಿಗೆಯ ಎರಡು ತಿಂಗಳು

ಶಿವಮೊಗ್ಗದಿಂದ ಸಾಗರಕ್ಕೆ ಹೋಗುವ ದಾರಿಯಲ್ಲಿ ಸಿಗುವ ಆನಂದಪುರ ಮಲೆನಾಡೇ ಹೌದು, ಆದರೆ ಘಟ್ಟದಂಚಿನ ಮಳೆ ಇಲ್ಲಿಲ್ಲ. ಹೊಸನಗರ ತಾಲ್ಲೂಕಿನ ಹುಲಿಕಲ್, ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಗಳಲ್ಲಿ ವರ್ಷದ ಸರಾಸರಿ 7,000 ಮಿಲಿಮೀಟರ್ ದಾಟುತ್ತದೆ. ಆಗುಂಬೆಯಿಂದ ತೀರ್ಥಹಳ್ಳಿ ಪೇಟೆಗೆ ನೇರ ಗೆರೆ ಎಳೆದರೆ 30 ಕಿಲೋಮೀಟರೂ ಇಲ್ಲ. ಅಷ್ಟರಲ್ಲೇ ಮಳೆ ಅರ್ಧಕ್ಕಿಂತ ಕೆಳಗಿಳಿದಿರುತ್ತದೆ. ಅರಬ್ಬಿ ಸಮುದ್ರದ ತೇವದ ಗಾಳಿ ಘಟ್ಟಕ್ಕೆ ಬಡಿದು ಮೇಲೇರಿ, ತಣಿದು, ಹೆಚ್ಚಿನ ನೀರನ್ನು ಅಲ್ಲೇ ಸುರಿದುಬಿಡುತ್ತದೆ. ಇಷ್ಟು ಶಾಲೆಯ ಪಾಠ. ಗಾಳಿ ಜೋರಾದ ದಿನ ಮಳೆ ಪೂರ್ವಕ್ಕೆ ಎಷ್ಟು ದೂರ ಹರಡುತ್ತದೆ ಎಂಬುದು ಪಾಠದಲ್ಲಿಲ್ಲ.

ಇಂಥ ಪ್ರಶ್ನೆ ಹಿಡಿದು ಕೂರಲು ಆನಂದಪುರದಂಥ ಊರಿನ ಪದವಿ ವಿದ್ಯಾರ್ಥಿಗಳಿಗೂ ಒಂದು ದಾರಿ ಇದೆ. 1934ರಲ್ಲಿ ಸಿ.ವಿ. ರಾಮನ್ ಬೆಂಗಳೂರಿನಲ್ಲಿ ಕಟ್ಟಿದ ಭಾರತೀಯ ವಿಜ್ಞಾನ ಅಕಾಡೆಮಿ, ದೇಶದ ಇನ್ನೆರಡು ಅಕಾಡೆಮಿಗಳ ಜೊತೆಗೂಡಿ ಬೇಸಿಗೆ ಸಂಶೋಧನಾ ಫೆಲೋಶಿಪ್ ಕೊಡುತ್ತ ಬಂದಿದೆ. ಆಯ್ಕೆಯಾದವರು ಒಬ್ಬ ವಿಜ್ಞಾನಿಯ ಕೈಕೆಳಗೆ ಎರಡು ತಿಂಗಳು ಕೆಲಸ ಮಾಡುತ್ತಾರೆ; ಶಿಷ್ಯವೇತನವೂ ಇದೆ. ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ್ದೂ ಇಂಥದೇ ಕಾರ್ಯಕ್ರಮ. ಮಾನ್ಸೂನ್ ಅಧ್ಯಯನಕ್ಕೆ ಹೆಸರಾದದ್ದು ಭಾರತೀಯ ವಿಜ್ಞಾನ ಸಂಸ್ಥೆಯ ವಾಯುಮಂಡಲ ಮತ್ತು ಸಾಗರ ವಿಜ್ಞಾನ ಕೇಂದ್ರ; ಮಾನ್ಸೂನ್ ವಿಜ್ಞಾನಿ ಸುಲೋಚನಾ ಗಾಡ್ಗೀಳ್ ಕೆಲಸ ಮಾಡಿದ್ದು ಅಲ್ಲೇ. ಹವಾಮಾನದ ಪದವಿಯೇ ಬೇಕೆಂದೇನಿಲ್ಲ. ಭೌತವಿಜ್ಞಾನ, ಗಣಿತ ಓದಿ ಕಂಪ್ಯೂಟರಿಗೆ ನಾಲ್ಕು ಸಾಲು ಪ್ರೋಗ್ರಾಂ ಬರೆಯಬಲ್ಲವರಿಗೆ ಇಲ್ಲಿ ಬೇಕಾದಷ್ಟು ಕೆಲಸವಿದೆ.

ತಮಾಷೆಯೆಂದರೆ, ಮಳೆ ಓದಲು ಹೋದವರಿಗೆ ಸಿಗುವುದು ಬೇಸಿಗೆಯ ಎರಡೇ ತಿಂಗಳು, ಇಡೀ ಮಳೆಗಾಲವಲ್ಲ. ಹಾಗಾಗಿ ಕೆಲಸವೆಲ್ಲ ಹಳೆಯ ಅಂಕಿಅಂಶಗಳ ಮೇಲೆ. ಅದನ್ನು ಸಪ್ಪೆ ಎನ್ನುವವರನ್ನು ನಾನು ಒಪ್ಪುವುದಿಲ್ಲ. ಹವಾಮಾನ ಇಲಾಖೆ 1901ರಿಂದೀಚಿನ ದಿನದಿನದ ಮಳೆಯನ್ನು ದೇಶದ ಮೇಲೆ ಚೌಕಗಳಾಗಿ ಹರಡಿಟ್ಟಿದೆ. ಒಂದೊಂದು ಚೌಕ ಕಾಲು ಡಿಗ್ರಿ, ಅಂದರೆ ಸುಮಾರು 27 ಕಿಲೋಮೀಟರ್. ಆಗುಂಬೆ-ತೀರ್ಥಹಳ್ಳಿ ನಡುವಿನ ದೂರವೂ ಹೆಚ್ಚುಕಡಿಮೆ ಅಷ್ಟೇ! ಅಷ್ಟು ಅಗಲದ ಚೌಕದಲ್ಲಿ ಘಟ್ಟದ ಅಬ್ಬರ ಸರಾಸರಿಯೊಳಗೆ ಕರಗಿಹೋಗುತ್ತದೆ. ಇನ್ನೊಂದೆಡೆ, ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿ ಮಟ್ಟದಲ್ಲೇ ಸ್ವಯಂಚಾಲಿತ ಮಳೆಮಾಪಕ ಇಟ್ಟಿದೆ. ಅವು 15 ನಿಮಿಷಕ್ಕೊಮ್ಮೆ ಲೆಕ್ಕ ಕಳಿಸುತ್ತವೆ. ಇವೆರಡನ್ನೂ ಪಕ್ಕಪಕ್ಕ ಇಟ್ಟು ಚೌಕ ಎಲ್ಲಿ ಎಷ್ಟು ತಪ್ಪುತ್ತದೆಂದು ನೋಡುವುದು ಎರಡು ತಿಂಗಳಲ್ಲಿ ಮುಗಿಯುವಂಥ, ಉಪಯೋಗಕ್ಕೂ ಬರುವಂಥ ಕೆಲಸ.

ನನಗಿಂತ ಅಡಿಕೆ ಬೆಳೆಗಾರರಿಗೆ ಬೇಕಾದ ಪ್ರಶ್ನೆ ಇನ್ನೊಂದಿದೆ. ಮಳೆಗಾಲದಲ್ಲಿ ಅಡಿಕೆ ಗೊನೆಗೆ ಹತ್ತುವ ಕೊಳೆರೋಗದ ಬಗ್ಗೆ ಮೈಸೂರು ಸಂಸ್ಥಾನದ ವಿಜ್ಞಾನಿ ಲೆಸ್ಲಿ ಕೋಲ್ಮನ್ 1910ರಲ್ಲೇ ಬರೆದರು. ಇಂದಿಗೂ ಮುಖ್ಯ ಮದ್ದು ಬೋರ್ಡೋ ದ್ರಾವಣವೇ. ಮದ್ದು ಹೊಡೆಯಲು ಮಳೆ ಹೊಳವಾಗಬೇಕು, ಗೊನೆ ಒಣಗಿರಬೇಕು. ಜೋರು ಮಳೆಗಾಲದಲ್ಲಿ ಅಂಥ ಬಿಡುವು ಎಷ್ಟು ಗಂಟೆ ಸಿಗುತ್ತದೆ, ಹಗಲೋ ರಾತ್ರಿಯೋ, ವರ್ಷದಿಂದ ವರ್ಷಕ್ಕೆ ಕುಗ್ಗುತ್ತಿದೆಯೋ? ವರ್ಷದ ಒಟ್ಟು ಮಳೆ ಇದನ್ನು ಹೇಳುವುದಿಲ್ಲ. ಪಂಚಾಯಿತಿಯ ಆ 15 ನಿಮಿಷದ ಲೆಕ್ಕ ಹೇಳಬಲ್ಲದು.