ಹಬ್ ಹೊಸದು, ವಾಷರ್ ಎಲ್ಲಿ?

ಗಂಗಾವತಿ ತಾಲೂಕಿನ ಹನುಮನಹಳ್ಳಿ ಅಂಜನಾದ್ರಿ ಬೆಟ್ಟದ ಪಕ್ಕದ ಊರು. ಆನೆಗೊಂದಿ, ಸಣಾಪುರ ಕೆರೆ ಅಂತ ಬೈಕಿನಲ್ಲಿ ಸುತ್ತುವವರಿಗೆ ಇದೇ ದಾರಿ. ಜನ ತುಂಬಿದ ದಿನ ಅರ್ಧ ಕ್ಲಚ್ ಹಿಡಿದೇ ಓಡಿಸಬೇಕು. ಕರಾವಳಿಯಿಂದ ಆ ಕಡೆ ದುಡಿಯಲು ಹೋದ ನಮ್ಮ ಹುಡುಗರ ಬೈಕಿಗೂ ಇದೇ ಪಾಡು. ಪ್ಲೇಟು ಸವೆಯುತ್ತದೆ, ಕೆಲವೊಮ್ಮೆ ಹಬ್ಬೇ ಬದಲಿಸಬೇಕಾಗುತ್ತದೆ.

ಹೊಸ ಹಬ್ ಹಾಕಿದ ಮೇಲೂ ಕ್ಲಚ್ ಹಿಡಿದು ಗೇರ್ ಹಾಕಿದರೆ ಬೈಕ್ ಮುಂದಕ್ಕೆ ಎಳೆಯುತ್ತದೆ, ನ್ಯೂಟ್ರಲ್ ಸಿಗುವುದಿಲ್ಲ ಎಂದರೆ ಮೊದಲು ಕೇಬಲ್ ನೋಡಿ. ಲಿವರ್ ತುದಿಯಲ್ಲಿ ಸಾಮಾನ್ಯವಾಗಿ 10ರಿಂದ 20 ಮಿ.ಮೀ. ಸಡಿಲ ಇರಬೇಕು. ಅದಕ್ಕಿಂತ ಜಾಸ್ತಿ ಇದ್ದರೆ ಅಡ್ಜಸ್ಟ್ ಮಾಡಿದರೆ ಸಾಕು, ಕವರ್ ಬಿಚ್ಚುವ ಖರ್ಚೇ ಇಲ್ಲ.

ಕೇಬಲ್ ಸರಿ ಇದ್ದರೆ ಅನುಮಾನ ವಾಷರಿನ ಮೇಲೆ. ಹಬ್ಬಿಗೂ ಹೌಸಿಂಗಿಗೂ ನಡುವೆ ಒಂದು ತೆಳು ವಾಷರ್ ಇರುತ್ತದೆ. ಆಯಿಲಿನ ಅಂಟಿಗೆ ಅದು ಹಳೆ ಹಬ್ಬಿನ ಬೆನ್ನಿಗೇ ಹಿಡಿದುಕೊಂಡು ಗುಜರಿಗೆ ಹೋಗಿಬಿಡುತ್ತದೆ. ವಾಷರ್ ಇಲ್ಲದೆ ನಟ್ ಬಿಗಿದರೆ ಹಬ್ ಹೌಸಿಂಗಿಗೆ ಒತ್ತಿಕೊಂಡು ಎರಡೂ ಒಟ್ಟಿಗೆ ತಿರುಗುತ್ತವೆ. ಪ್ಲೇಟು ಆಮೇಲೆ ಕೂರಿಸುವ ಬೈಕುಗಳಲ್ಲಿ ಪರೀಕ್ಷೆ ಸುಲಭ: ನಟ್ ಬಿಗಿದು, ನ್ಯೂಟ್ರಲ್‌ನಲ್ಲಿಟ್ಟು ಕೈಯಿಂದ ಹಬ್ ತಿರುಗಿಸಿ. ಹೌಸಿಂಗ್ ಅಲುಗಬಾರದು. ಹೌಸಿಂಗಿನ ಗಾಡಿಗಳಲ್ಲಿ ಉಗುರು ಸಿಕ್ಕಿಕೊಳ್ಳುವಷ್ಟು ತಗ್ಗು ಬಿದ್ದಿದ್ದರಂತೂ ಹಬ್ ಒಂದನ್ನೇ ಬದಲಿಸಿ ಪ್ರಯೋಜನ ಇಲ್ಲ.

ಲಾಕ್ ವಾಷರಿನ ಕಿವಿಯನ್ನು ಒಮ್ಮೆ ಬಿಡಿಸಿ ಮತ್ತೆ ಮಡಿಸಿದರೆ ಅದು ಮುರಿಯಬಹುದು, ನಟ್ ಸಡಿಲವಾಗುತ್ತದೆ. ಹೊಸದೇ ಹಾಕಿಸಿ, ಹೆಚ್ಚು ದುಡ್ಡಿನದಲ್ಲ. ಉಳಿ, ಸುತ್ತಿಗೆಯಿಂದ ನಟ್ ಬಿಗಿಯುವ ಕಡೆ ಗಾಡಿ ಕೊಡದಿರುವುದೇ ವಾಸಿ. ಹೊಸ ಪ್ಲೇಟನ್ನು ಎಂಜಿನ್ ಆಯಿಲಿನಲ್ಲಿ ನೆನೆಸಿಯೇ ಕೂರಿಸಬೇಕು. ಆಯಿಲ್ ಡಬ್ಬಿಯ ಮೇಲೆ 'ಜಾಸೊ ಎಂಎ' ಎಂದಿರಲಿ. ಕಾರಿನ ಆಯಿಲ್ ಹಾಕಿದರೆ ಕ್ಲಚ್ ಜಾರುವ ಸಂಭವ ಉಂಟು.

ಇದರಲ್ಲಿ ದೀನಿನ ಮಾತು ಏನು ಅಂತ ಕೇಳುವವರಿದ್ದಾರೆ. ನಾವು ಅನುಸರಿಸುವ ಶಾಫಿಈ ಮದ್‌ಹಬ್‌ನಲ್ಲಿ, ಕೂಲಿಗೆ ಕೆಲಸ ಮಾಡುವವನ ಕೈಯಲ್ಲಿರುವ ವಸ್ತು ಅಮಾನತ್. ಅವನ ಅಜಾಗ್ರತೆಯಿಂದ ಹಾಳಾದರೆ ಅವನೇ ಹೊಣೆ. ಹಳೆ ವಾಷರ್ ಹಾಕಿ ಹೊಸದರ ದುಡ್ಡು ತೆಗೆದುಕೊಂಡರೆ ಅಷ್ಟು ದುಡ್ಡು ಹರಾಮ್, ಅದು ಹತ್ತು ರೂಪಾಯಿಯೇ ಆಗಲಿ. ಗ್ಯಾರೇಜ್ ಕೆಲಸ ಕಲಿಯುತ್ತಿರುವ ಮಕ್ಕಳಿಗೆ ಇದನ್ನು ಮನೆಯಲ್ಲೇ ಹೇಳಿ. ಬೈಕ್ ಕೊಡುವವರು, ಬಿಚ್ಚಿದ ಹಳೆ ಸಾಮಾನೆಲ್ಲ ಒಂದು ಕವರಿನಲ್ಲಿ ವಾಪಸ್ ಬೇಕು ಅಂತ ಮೊದಲೇ ತಿಳಿಸಿ. ಆ ವಾಷರ್ ಕಾಣೆಯಾಗಿದ್ದರೆ ಹಳೆ ಹಬ್ಬಿನ ಬೆನ್ನಲ್ಲೇ ಸಿಗಬಹುದು.