ಲೇಪಕ್ಕೂ ವಿಧಿಯುಂಟು

ಮೊಣಕಾಲಿನ ನೋವು, ಸೊಂಟದ ಹಿಡಿತ, ಕತ್ತಿನ ಉಳುಕು ಇವುಗಳನ್ನು ಅರಿಯದ ಗೃಹಸ್ಥರು ವಿರಳ. ಇವುಗಳ ಶಮನಕ್ಕೆಂದು ತಂದಿಟ್ಟ ಮುಲಾಮಿನ ಡಬ್ಬಿಯಾಗಲಿ ಜೆಲ್ಲಿನ ಕೊಳವೆಯಾಗಲಿ ಇಲ್ಲದ ಮನೆಯೂ ವಿರಳವೇ. ಬೊಂಬಾಯಿಯಲ್ಲಿ 1893ರಲ್ಲಿ ಕಾಶೀನಾಥುನಿ ನಾಗೇಶ್ವರರಾವ್ ಪಂತುಲುಗಳು ಅಮೃತಾಂಜನವನ್ನು ಹೊರತಂದಂದಿನಿಂದ ನಮ್ಮವರಿಗೆ ಇಂತಹ ಲೇಪಗಳ ಬಳಕೆ ಚೆನ್ನಾಗಿದೆ. ಆದರೆ ನುಂಗುವ ಗುಳಿಗೆಯಾದರೆ ಹತ್ತು ಸಲ ವಿಚಾರಿಸತಕ್ಕ ನಾವು, ಹಚ್ಚುವ ಔಷಧವೆಂದೊಡನೆ “ಮೇಲೆ ಸವರುವುದು ತಾನೆ, ಏನಾದೀತು?” ಎಂದು ಉದಾಸೀನರಾಗುತ್ತೇವೆ. ಈ ಔದಾಸೀನ್ಯದ ಫಲವನ್ನು ಸ್ವತಃ ಉಂಡಿರುವುದರಿಂದ ವಾಚಕರ ಮುಂದೆ ನಾಲ್ಕು ಮಾತುಗಳನ್ನಾಡಲು ಧೈರ್ಯಮಾಡಿದ್ದೇವೆ.

ಕಳೆದ ಮಾಗಿಯಲ್ಲಿ ನಮ್ಮ ಬಲಮೊಣಕಾಲು ಬಹಳವಾಗಿ ಬಾಧಿಸುತ್ತಿತ್ತು. ಒಂದು ರಾತ್ರಿ ಜೆಲ್ಲನ್ನು ಧಾರಾಳವಾಗಿ ಬಳಿದು, ಉಣ್ಣೆಯ ಬಟ್ಟೆಯನ್ನು ಬಿಗಿದು, ಅದರ ಮೇಲೆ ಬಿಸಿನೀರಿನ ಚೀಲವನ್ನಿಟ್ಟುಕೊಂಡು ಮಲಗಿದೆವು. ಬೆಳಗಾಗುವಷ್ಟರಲ್ಲಿ ಕಾಸಿನಗಲದ ಮೂರು ಬೊಬ್ಬೆಗಳೆದ್ದಿದ್ದವು. ನೋವಿಗಿಂತಲೂ ನಾಚಿಕೆಯೇ ಹೆಚ್ಚಾಯಿತು. “ಪ್ರಶ್ನೆಯನ್ನು ಪೂರ್ತಿ ಓದಿ ಉತ್ತರ ಬರೆಯಿರಿ” ಎಂದು ಮೂವತ್ತು ವರ್ಷ ಹುಡುಗರಿಗೆ ಬೋಧಿಸಿದ ನಾವು, ಕೊಳವೆಯ ಮೇಲಣ ಬರಹವನ್ನು ಓದಿರಲೇ ಇಲ್ಲ! ಕಾವು ಕೊಡಕೂಡದು, ಬಿಗಿಯಾಗಿ ಕಟ್ಟಕೂಡದು ಎಂದು ಅಲ್ಲಿ ಸಣ್ಣಕ್ಷರಗಳಲ್ಲಿ ಅಚ್ಚಾಗಿತ್ತು. ಇಂತಹ ಲೇಪಗಳಿಂದ ಸುಟ್ಟಗಾಯಗಳಾದ ಪ್ರಸಂಗಗಳನ್ನು ಕುರಿತು ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 2012ರಲ್ಲಿಯೇ ಎಚ್ಚರಿಸಿತ್ತೆಂಬುದು ನಮಗೆ ಆಮೇಲೆ ತಿಳಿಯಿತು.

ನಮ್ಮ ಪೂರ್ವಿಕರು ಈ ವಿಷಯವನ್ನು ಹಗುರವಾಗಿ ಎಣಿಸಿರಲಿಲ್ಲ. ಸುಶ್ರುತಸಂಹಿತೆಯ ಸೂತ್ರಸ್ಥಾನದ 18ನೆಯ ಅಧ್ಯಾಯವು ಲೇಪ ಮತ್ತು ಕಟ್ಟುಗಳ ವಿಧಿಗೇ ಮೀಸಲಾಗಿದೆ. ರೋಮಗಳ ದಿಕ್ಕಿಗೆ ಎದುರಾಗಿ ಹಚ್ಚಬೇಕೆಂಬಷ್ಟು ಸೂಕ್ಷ್ಮವೂ ಅಲ್ಲಿದೆ. ವಿಧಿಯಿದ್ದಲ್ಲಿ ನಿಷೇಧವೂ ಇರುವುದು ಸಹಜವಷ್ಟೆ.

ಇಂದಿನ ಲೇಪಗಳನ್ನು ಸ್ಥೂಲವಾಗಿ ಎರಡು ಬಗೆಯೆಂದು ತಿಳಿಯಬಹುದು. ಮೊದಲನೆಯವು ಮೆಂಥಾಲ್, ಕರ್ಪೂರ, ಮೀಥೈಲ್ ಸ್ಯಾಲಿಸಿಲೇಟ್, ಮೆಣಸಿನಕಾಯಿಯ ಖಾರಸತ್ತ್ವವಾದ ಕ್ಯಾಪ್ಸೈಸಿನ್ ಇವುಗಳಿಂದಾದವು. ಚರ್ಮದ ನರಗಳಲ್ಲಿ ಶೀತೋಷ್ಣಗಳನ್ನು ಗುರುತಿಸುವ ಗ್ರಾಹಕಗಳುಂಟು. ಮೆಂಥಾಲು ಶೀತದ ಗ್ರಾಹಕವನ್ನೂ ಖಾರವು ಉಷ್ಣದ ಗ್ರಾಹಕವನ್ನೂ ಕೆರಳಿಸುವುದರಿಂದ ಮನಸ್ಸು ನೋವನ್ನು ಬಿಟ್ಟು ಅತ್ತ ಹರಿಯುತ್ತದೆ. ಈ ಗ್ರಾಹಕಗಳನ್ನು ಕಂಡುಹಿಡಿದುದಕ್ಕಾಗಿಯೇ ಡೇವಿಡ್ ಜೂಲಿಯಸ್, ಆರ್ಡೆಮ್ ಪಟಪೂಟಿಯನ್ ಎಂಬ ವಿಜ್ಞಾನಿಗಳಿಗೆ 2021ರಲ್ಲಿ ನೊಬೆಲ್ ಪಾರಿತೋಷಕವು ಸಂದಿತು. ಎರಡನೆಯ ಬಗೆಯದು ಊತವನ್ನೇ ಇಳಿಸುವ ಡೈಕ್ಲೋಫೆನಾಕ್ ಮುಂತಾದುದು. ಅಂಗಡಿಯಲ್ಲಿ ದೊರೆಯುವ ಅನೇಕ ಜೆಲ್ಲುಗಳಲ್ಲಿ ಈ ಎರಡು ಬಗೆಗಳೂ ಕೂಡಿರುತ್ತವೆ.

ಡೈಕ್ಲೋಫೆನಾಕಿನ ಶಕ್ತಿಯನ್ನು ತಿಳಿಯಲು ದೂರ ಹೋಗಬೇಕಾಗಿಲ್ಲ. ಈ ಔಷಧ ಕೊಟ್ಟ ದನಗಳ ಕಳೇಬರವನ್ನು ತಿಂದ ರಣಹದ್ದುಗಳು ಮೂತ್ರಪಿಂಡ ಕೆಟ್ಟು ಲಕ್ಷಗಟ್ಟಲೆ ಅಳಿದುದರಿಂದ, 2006ರಲ್ಲಿ ಭಾರತ ಸರ್ಕಾರವು ದನಗಳಿಗೆ ಅದನ್ನು ಕೊಡುವುದನ್ನು ನಿಷೇಧಿಸಿತು. ರಾಮನಗರದ ರಾಮದೇವರ ಬೆಟ್ಟವು 2012ರಲ್ಲಿ ರಣಹದ್ದುಗಳ ಧಾಮವಾದುದನ್ನು ವಾಚಕರು ಬಲ್ಲರು. ಇದರಿಂದ ಯಾರೂ ಭಯಪಡಬೇಕಾಗಿಲ್ಲ. ಮನುಷ್ಯನ ದೇಹವು ಹದ್ದಿನದಲ್ಲ. ಜೆಲ್ಲಾಗಿ ಹಚ್ಚಿದಾಗ ರಕ್ತಕ್ಕೆ ಸೇರುವ ಅಂಶವು ಗುಳಿಗೆಯಾಗಿ ನುಂಗಿದಾಗಿನದರಲ್ಲಿ ನೂರಕ್ಕೆ ಸುಮಾರು 6 ಪಾಲು ಮಾತ್ರ. ವೃದ್ಧರ ಮೊಣಕಾಲು ಮತ್ತು ಬೆರಳ ಗಂಟುಗಳ ನೋವಿಗೆ ವೈದ್ಯರು ಇದನ್ನು ಮೆಚ್ಚುವುದು ಈ ಕಾರಣದಿಂದಲೇ. ಆದರೆ ಅಲ್ಪವೆಂದರೆ ಶೂನ್ಯವಲ್ಲ. ಹಾಗೆಯೇ ಸೊಂಟದ ಕೀಲಿನಂತೆ ಆಳದಲ್ಲಿರುವ ನೋವನ್ನು ಲೇಪವು ಮುಟ್ಟುವುದು ಕಷ್ಟ. ಗುಣ ಕಾಣಲಿಲ್ಲವೆಂದು ಇನ್ನಷ್ಟು ಬಳಿಯುವುದು ವ್ಯರ್ಥ.

ಇನ್ನು ಹಚ್ಚುವ ಕ್ರಮ. ಚರ್ಮವು ಶುಚಿಯಾಗಿಯೂ ಒಣಗಿಯೂ ಇರಬೇಕು. ಗಾಯ, ಗೀರು, ಕಜ್ಜಿಗಳಿರುವಲ್ಲಿ ಹಚ್ಚಕೂಡದು. ನೂರಕ್ಕೆ 1 ಪಾಲು ಡೈಕ್ಲೋಫೆನಾಕ್ ಇರುವ ಜೆಲ್ಲಾದರೆ ಒಂದು ಮೊಣಕಾಲಿಗೆ ಒಂದು ಸಲಕ್ಕೆ 4 ಗ್ರಾಮು, ಕೈಗೆ 2 ಗ್ರಾಮು, ದಿನಕ್ಕೆ ನಾಲ್ಕು ಸಲ, ಇದು ಮೀರಬಾರದ ಎಲ್ಲೆ. ಕೊಳವೆಯ ಮೇಲೆ ಅದಕ್ಕೂ ಕಡಮೆ ಹೇಳಿದ್ದರೆ ಅದೇ ಪ್ರಮಾಣ. ಮೃದುವಾಗಿ ಸವರಿ ಹತ್ತು ನಿಮಿಷ ಆರಲು ಬಿಟ್ಟು ಬಟ್ಟೆ ಹೊದೆಯಬೇಕು. ಒಂದು ಗಂಟೆಯವರೆಗೆ ಸ್ನಾನ ಬೇಡ. ಹಚ್ಚಿದ ಕೈಯನ್ನು ಸಾಬೂನಿನಿಂದ ತೊಳೆಯದೆ ಕಣ್ಣು ಬಾಯಿಗಳನ್ನು ಮುಟ್ಟಬಾರದು; ಕೈಯ ಗಂಟಿಗೇ ಹಚ್ಚಿದ್ದರೆ ಒಂದು ಗಂಟೆ ಕಾದು ತೊಳೆಯತಕ್ಕದ್ದು. ಹಚ್ಚಿದ ಭಾಗಕ್ಕೆ ಬಿಸಿಲೂ ಕಾವೂ ವರ್ಜ್ಯ. ಒಂದೇ ಜಾಗಕ್ಕೆ ಎರಡು ಬಗೆಯ ಲೇಪ ಸಲ್ಲದು.

ಕೆಲವರು ವೈದ್ಯರನ್ನು ಕೇಳದೆ ಇವುಗಳನ್ನು ಮುಟ್ಟಲೇಬಾರದು. ಆಸ್ಪಿರಿನ್ನಿನಿಂದ ಉಬ್ಬಸ ಬರುವವರು, ಗರ್ಭಿಣಿಯರು, ಮೂತ್ರಪಿಂಡದ ಅಥವಾ ಜಠರವ್ರಣದ ರೋಗಿಗಳು, ನೋವಿನ ಗುಳಿಗೆಗಳನ್ನು ಆಗಲೇ ನುಂಗುತ್ತಿರುವವರು ಈ ಗುಂಪಿಗೆ ಸೇರಿದವರು. ರಕ್ತವನ್ನು ತೆಳುಮಾಡುವ ವಾರ್ಫರಿನ್ ಸೇವಿಸುವವರು ಮೀಥೈಲ್ ಸ್ಯಾಲಿಸಿಲೇಟನ್ನು ಹೆಚ್ಚಾಗಿ ತಿಕ್ಕಿಕೊಂಡರೆ ರಕ್ತಸ್ರಾವದ ಅಪಾಯವುಂಟು.

ಮಕ್ಕಳಿರುವ ಮನೆಯವರಿಗೆ ಮತ್ತೊಂದು ಮಾತು. ಉದಕಮಂಡಲಕ್ಕೆ ಹೋದವರು ಅಲ್ಲಿಂದ ವಿಂಟರ್‌ಗ್ರೀನ್ ಎಣ್ಣೆಯ ಸೀಸೆಯನ್ನು ತರುವುದು ವಾಡಿಕೆ. ಅದು ಬಹುಮಟ್ಟಿಗೆ ಮೀಥೈಲ್ ಸ್ಯಾಲಿಸಿಲೇಟೇ ಆಗಿದೆ. ಒಂದು ಚಹಾ ಚಮಚೆಯಷ್ಟು, ಎಂದರೆ 5 ಮಿಲಿಲೀಟರಿನಷ್ಟು, ಹೊಟ್ಟೆಗೆ ಹೋದರೆ ಇಪ್ಪತ್ತು ಆಸ್ಪಿರಿನ್ ಗುಳಿಗೆಗಳನ್ನು ನುಂಗಿದಂತೆ. ಎಳೆಯ ಮಗುವಿನ ಪ್ರಾಣಕ್ಕೆ ಅಷ್ಟೇ ಸಾಕು. ಅದರ ಪರಿಮಳವು ಮಿಠಾಯಿಯಂತಿರುವುದು ಅಪಾಯವನ್ನು ಹೆಚ್ಚಿಸುತ್ತದೆ. ಸೀಸೆಯ ಸ್ಥಳ ಬೀಗವಿರುವ ಕಪಾಟು, ಕಿಟಕಿಯ ಗೂಡಲ್ಲ.

ಏಳು ದಿನಗಳಲ್ಲಿ ಉಳುಕು ಇಳಿಯದಿದ್ದರೆ, ಕೀಲು ಕೆಂಪಾಗಿ ಬಿಸಿಯಾಗಿ ಜ್ವರ ಬಂದರೆ, ಬಿದ್ದ ಮೇಲೆ ಕಾಲೂರಲಾಗದಿದ್ದರೆ, ಒಂದೇ ಮೀನಖಂಡ ಊದಿಕೊಂಡರೆ ಲೇಪವನ್ನು ಬಿಟ್ಟು ವೈದ್ಯರನ್ನು ಕಾಣತಕ್ಕದ್ದು.

ಕಡೆಯದಾಗಿ, ಬರೆಯಲು ಮನಸ್ಸಿಲ್ಲದಿದ್ದರೂ ಬರೆಯಲೇಬೇಕಾದ ಒಂದು ಸಂಗತಿ. ನಮ್ಮೊಡನೆ ಗಣಿತ ಕಲಿಸುತ್ತಿದ್ದ ಮಿತ್ರರೊಬ್ಬರಿಗೆ ಒಂದು ರಾತ್ರಿ ಎಡಭುಜ ನೋಯತೊಡಗಿತು. ತರಕಾರಿಯ ಚೀಲ ಹೊತ್ತುದರಿಂದ ಬಂದ ನೋವೆಂದು ಬೆಳಗಿನ ಜಾವದವರೆಗೂ ಮುಲಾಮು ತಿಕ್ಕಿಸಿಕೊಂಡರು. ಮೈಯಲ್ಲಿ ಬೆವರು ಸುರಿಯುತ್ತಿದ್ದುದನ್ನು ಮುಲಾಮಿನ ಕಾವೆಂದು ಬಗೆದರು. ಅದು ಹೃದಯಾಘಾತವಾಗಿತ್ತು. ಆಸ್ಪತ್ರೆಗೆ ಹೋದವರು ಹಿಂತಿರುಗಲಿಲ್ಲ. ರಾತ್ರಿಯೆಲ್ಲ ಭುಜ ತಿಕ್ಕಿದ ಅವರ ಧರ್ಮಪತ್ನಿಯು ಇಂದಿಗೂ ಆ ಬಗೆಯ ಡಬ್ಬಿಯನ್ನು ಮನೆಯೊಳಕ್ಕೆ ತರಗೊಡುವುದಿಲ್ಲ. ತಪ್ಪು ಆ ತಾಯಿಯದಲ್ಲ, ಡಬ್ಬಿಯದೂ ಅಲ್ಲ. ನೋವಿನ ಮೂಲವನ್ನು ಕೇಳದೆ ಮದ್ದಿಗೆ ಕೈಚಾಚುವ ನಮ್ಮೆಲ್ಲರ ಅಭ್ಯಾಸದ್ದು. ಎದೆ, ದವಡೆ, ಎಡದೋಳುಗಳಲ್ಲಿ ನೋವೂ ಬೆವರೂ ಉಬ್ಬಸವೂ ಕೂಡಿ ಬಂದರೆ ಮುಲಾಮನ್ನು ಹುಡುಕದೆ ಕೂಡಲೇ 108ಕ್ಕೆ ಕರೆಮಾಡಿರಿ.

ಲೇಪವು ಒಳ್ಳೆಯ ಸೇವಕ. ಎಲ್ಲಿ, ಎಷ್ಟು, ಎಷ್ಟು ದಿನ ಎಂಬ ಮೂರು ಪ್ರಶ್ನೆಗಳನ್ನು ಕೇಳಿಯೇ ಅದನ್ನು ಬಳಸೋಣ. ಕೊಳವೆಯ ಸಣ್ಣಕ್ಷರಗಳನ್ನು ಕನ್ನಡಕ ಹಾಕಿಕೊಂಡಾದರೂ ಓದೋಣ.