ಕಾರಿನ ಕೆಳಗೆ ಕೆಂಪು ಎಣ್ಣೆ ಹನಿ: ಬರೀ ಎಣ್ಣೆ ಹಾಕಿಸಿದ್ರೆ ಸಾಲದು

ಕಲಬುರಗಿ: ಶರಣಬಸವೇಶ್ವರ ದೇವಸ್ಥಾನದ ಹತ್ತಿರ ನಿಲ್ಲಿಸಿದ್ದ ಹಳೆ ಆಟೋಮ್ಯಾಟಿಕ್ ಕಾರು ತೆಗೆದಾಗ ನೆಲದ ಮೇಲೆ ಕೆಂಪು ಎಣ್ಣೆ ಕಂಡ್ರೆ, ಅದು ಗೇರ್‌ಬಾಕ್ಸ್ ಎಣ್ಣೆ ಇರಬಹುದು. ಎಸಿ ನೀರಿಗೆ ಬಣ್ಣ ಇರಲ್ಲ, ಎಂಜಿನ್ ಆಯಿಲ್ ಕಂದು ಇಲ್ಲವೇ ಕಪ್ಪು. ಕೆಲವು ಕೂಲಂಟ್ ಕೂಡ ಕೆಂಪಗಿರುತ್ತದೆ, ಆದರೆ ನೀರಿನ ಹಾಗೆ ತೆಳು.

ಎಲ್ಲಿಂದ ಸೋರ್ತಿದೆ?
ನಮ್ಮ ಭಾಗದ ಬೇಸಿಗೆ 40 ಡಿಗ್ರಿ ದಾಟುತ್ತದೆ. ವರ್ಷಗಟ್ಟಲೆ ಶಾಖ ತಿಂದ ರಬ್ಬರ್ ಸೀಲ್ ಗಟ್ಟಿಯಾಗಿ ಬಿರುಕು ಬಿಡುತ್ತದೆ. ಸಾಮಾನ್ಯವಾಗಿ ಸೋರುವ ಜಾಗ ಮೂರು: ಕೆಳಗಿನ ಪ್ಯಾನ್ ಗ್ಯಾಸ್ಕೆಟ್, ಕೂಲರ್ ಪೈಪಿನ ಜಾಯಿಂಟ್, ಆಕ್ಸಲ್ ಸೀಲ್. ರಾತ್ರಿ ಕಾರಿನ ಕೆಳಗೆ ರಟ್ಟು ಹಾಸಿದ್ರೆ ಬೆಳಿಗ್ಗೆ ಅಂದಾಜು ಸಿಗುತ್ತದೆ.

ಏನು ಮಾಡಬೇಕು?
ಮೆಕ್ಯಾನಿಕ್‌ಗೆ ಮೊದಲು ಕೆಳಭಾಗ ಒರೆಸಿ, ಕಾರು ಓಡಿಸಿ ನೋಡಲು ಹೇಳಿ. ಪ್ಯಾನ್ ಬೋಲ್ಟ್ ಅತಿಯಾಗಿ ಬಿಗಿದ್ರೆ ಪ್ಯಾನ್ ಸೊಟ್ಟಗಾಗಿ ಸೋರಿಕೆ ಹೆಚ್ಚುತ್ತದೆ. ಮ್ಯಾನ್ಯುಯಲ್ ಪುಸ್ತಕದಲ್ಲಿ ಬರೆದ ಎಣ್ಣೆಯನ್ನೇ ಹಾಕಿಸಿ. ಸಿವಿಟಿ ಕಾರಿನ ಎಣ್ಣೆಯೇ ಬೇರೆ.

ಎಣ್ಣೆ ಕಡಿಮೆಯಾದ್ರೆ ಒತ್ತಡ ಬೀಳುತ್ತದೆ, ಒಳಗಿನ ಕ್ಲಚ್ ಪ್ಲೇಟ್ ಜಾರಿ ಸುಡುತ್ತವೆ. ಆಮೇಲೆ ಸೀಲ್ ಖರ್ಚಲ್ಲ, ಇಡೀ ಗೇರ್‌ಬಾಕ್ಸ್ ಖರ್ಚು. ಗೇರ್ ಜಾರ್ತಿದ್ರೆ ಕಮಲಾಪುರದಿಂದ ಕಲಬುರಗಿ ತನಕ ಓಡಿಸಿಕೊಂಡು ಬರಬೇಡಿ, ಟೋಯಿಂಗ್ ಗಾಡಿ ಕರೆಸಿ.